ಪಟ್ಟಿಯಲ್ಲಿಲ್ಲದ ಕೊಟ್ರಕ್ಕ

ಪಂದ್ಯ ಶುರುವಾಗಲು ಅರ್ಧ ಗಂಟೆ ಇರುವಾಗ ಕೊಟ್ರಕ್ಕ ಖೊಖೊ ಅಂಕಣಕ್ಕೆ ಇಳಿಯುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀರೆಯ ಮುಂಭಾಗವನ್ನು ಮಡಿಲಿನಂತೆ ಎತ್ತಿ ಹಿಡಿದು, ಈ ಕಂಬದಿಂದ ಆ ಕಂಬದವರೆಗೆ ಬಗ್ಗಿಕೊಂಡೇ ನಡೆಯುವರು. ಬೆಣಚುಕಲ್ಲು, ಜಾಲಿಮುಳ್ಳು, ಬಾಟಲಿಯ ಚೂರು, ಒಮ್ಮೆ ಅರ್ಧ ಬ್ಲೇಡು. ಎಲ್ಲವೂ ಮಡಿಲಿಗೆ. ಸುಣ್ಣದ ಗೆರೆ ಹಾಕುವವರು ಗೆರೆ ಅಳಿಸುತ್ತದೆಂದು ಗೊಣಗುವರು. ಎದುರಾಳಿ ತಂಡದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುವರು. ಅವರೂ ಬರಿಗಾಲಲ್ಲೇ ಓಡುವವರು, ಅವರ ಪಾದಕ್ಕೂ ಈ ಹೆಂಗಸೇ ನೆಲ ಹಸನು ಮಾಡುತ್ತಿದ್ದಾರೆ ಎನ್ನುವುದು ಒಬ್ಬರಿಗೂ ಹೊಳೆಯುತ್ತಿರಲಿಲ್ಲ.

"ಕುರಿ ಕಾಯಾಕೆ ಹೋದಾಗ ಕಲ್ತಿದ್ದು ಇದೊಂದೇ ನೋಡು," ಎಂದಿದ್ದರು ನನಗೆ. "ನಿಂತ್ರೆ ಮುಳ್ಳು ಕಾಣಂಗಿಲ್ಲ. ಬಗ್ಗಿದ್ರೆ ಕಾಣ್ತೈತೆ."

ಈ ಮಾತು ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವವರು ಇದ್ದಾರೆ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಒಬ್ಬರು ಮೈಕು ಹಿಡಿದು ಅವರನ್ನು 'ತ್ಯಾಗಮಯಿ' ಎಂದೂ ಕರೆದರು. ನನಗೆ ಆ ಪದದ ಮೇಲೆ ತೀರದ ಸಿಟ್ಟಿದೆ. ಒಬ್ಬರು ಬಗ್ಗಿಯೇ ಇರಬೇಕಾಗಿ ಬಂದಾಗ ಉಳಿದವರು ಯಾಕೆ ನಿಂತಿದ್ದರು ಎಂದು ಕೇಳಬೇಕಾದ ಜಾಗದಲ್ಲಿ ನಾವು ಈ ಪದವನ್ನು ಇಟ್ಟು ಮುಂದೆ ಹೋಗುತ್ತೇವೆ. ಆದ್ದರಿಂದ ಇದು ಹೊಗಳಿಕೆಯಲ್ಲ. ಕೊಟ್ರಕ್ಕ ಹೇಗಿದ್ದರೋ ಹಾಗೆ ಬರೆಯುತ್ತೇನೆ. ಯಾರು ನಿಂತಿದ್ದರು ಎನ್ನುವುದನ್ನೂ ಬರೆಯುತ್ತೇನೆ, ಅವರಲ್ಲಿ ನನ್ನನ್ನೂ ಸೇರಿಸಿ.

ಕೊಟ್ರಮ್ಮ ಸವಳಂಗದ ಹತ್ತಿರದ ನಮ್ಮ ಹೈಸ್ಕೂಲಿನ ಬಿಸಿಯೂಟದ ಅಡುಗೆಯವರು. ತವರು ಜಗಳೂರು ಕಡೆಯ ಬಿಳಿಚೋಡು. ಮಗಳು ಚೈತ್ರಾ ನನ್ನ ತರಗತಿ, ಖೊಖೊದಲ್ಲಿ ನಮ್ಮ ತಂಡದ ಜೀವ. ಕಂಬ ಹಿಡಿದು ಗಾಳಿಯಲ್ಲಿ ಚಾಚಿಕೊಂಡು, ಓಡುವವಳ ಬೆನ್ನು ಮುಟ್ಟುವುದನ್ನು ಅವಳಷ್ಟು ಚೆನ್ನಾಗಿ ಮಾಡುವವರನ್ನು ನಾನು ಇನ್ನೂ ಕಂಡಿಲ್ಲ. ನಾನೂ ತಂಡದಲ್ಲಿದ್ದೆ. ಪಟ್ಟಿಗೆ ಹನ್ನೆರಡು ಹೆಸರು ಬೇಕಿತ್ತು, ಹುಡುಗಿಯರು ಹನ್ನೊಂದೇ ಇದ್ದರು, ಚರ್ಚಾಸ್ಪರ್ಧೆಯ ಹುಡುಗಿಯಾದ ನನ್ನನ್ನು ಹನ್ನೆರಡನೆಯವಳಾಗಿ ತುಂಬಿದರು. ಹೀಗಾಗಿ ಎಲ್ಲ ಪಂದ್ಯಗಳಿಗೂ ಹೋದೆ, ಒಂದನ್ನೂ ಆಡಲಿಲ್ಲ.

ಕೊಟ್ರಕ್ಕ ತಂಡದ ಜೊತೆ ಬರಲು ಶುರು ಮಾಡಿದ್ದು ಹೀಗೆ. ಹುಡುಗಿಯರ ತಂಡದ ಜೊತೆ ಶಿಕ್ಷಕಿಯೊಬ್ಬರು ಇರಲೇಬೇಕೆಂಬುದು ನಿಯಮ. ಒಳ್ಳೆಯ ನಿಯಮವೇ. ನಮ್ಮಲ್ಲಿ ಮೂವರು ಟೀಚರುಗಳಿದ್ದರು. ಒಬ್ಬರಿಗೆ ಬಸ್ಸು ಹತ್ತಿದರೆ ವಾಂತಿ. ಒಬ್ಬರ ಮಗನಿಗೆ ವರ್ಷವಿಡೀ ಪರೀಕ್ಷೆ. ಮೂರನೆಯವರ ನೆಂಟರು ಪ್ರತಿ ಕ್ರೀಡಾಕೂಟದ ದಿನವೇ ಗೃಹಪ್ರವೇಶ ಇಟ್ಟುಕೊಳ್ಳುತ್ತಿದ್ದರು. ಹೋಬಳಿ ಪಂದ್ಯದ ಬೆಳಿಗ್ಗೆ ನಾವು ಚೀಲ ಹಿಡಿದು ನಿಂತಿದ್ದೆವು. ಪಿ.ಟಿ. ಮೇಷ್ಟ್ರು ಬಂದು, ಟೀಚರ್ ಇಲ್ಲ ಅಂದ್ರೆ ಟೀಮಿಲ್ಲ, ಕ್ಲಾಸಿಗೆ ನಡೀರಿ ಅಂದರು. ಸಾರಿನ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದವರು ಕೊಟ್ರಕ್ಕ.

"ಹೆಂಗಸು ಬೇಕು ತಾನೆ ಸಾರ್? ನಾನೂ ಹೆಂಗಸೇ."

ಹೆಡ್ಮಾಸ್ಟರು ನಕ್ಕರು. ನಗುತ್ತಲೇ 'ಮಹಿಳಾ ಮೇಲ್ವಿಚಾರಕಿ' ಎಂದು ಅವರ ಹೆಸರಿನಲ್ಲಿ ಒಂದು ಪತ್ರ ಬರೆದು ಮೊಹರು ಒತ್ತಿದರು. ಕೊಟ್ರಕ್ಕ ಆ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟುಕೊಂಡರು. ನಾದಿನಿಯನ್ನು ಒಲೆ ಮುಂದೆ ಕೂರಿಸಿ ಬಸ್ಸು ಹತ್ತಿದರು.

ಬಂದವರು ಸುಮ್ಮನೆ ಬರಲಿಲ್ಲ. ಮೇಷ್ಟ್ರ ಬೀರುವಿನಿಂದ ಖೊಖೊ ನಿಯಮದ ಪುಸ್ತಕ ಕೇಳಿ ಪಡೆದರು. ಅವರಿಗೆ ಓದಲು ಬರುತ್ತಿತ್ತು, ಆದರೆ ನಿಧಾನ. "ಲಾಯರಮ್ಮ, ಹೆಂಗೂ ಕುಂತೇ ಇರ್ತೀಯಲ್ಲ, ಓದು," ಎಂದು ನನ್ನ ಕೈಗಿತ್ತರು. ಅವರು ಅಕ್ಕಿ ಆರಿಸುವಾಗ ನಾನು ಎದುರು ಕೂತು ಓದಬೇಕು. ಬೆನ್ನಟ್ಟುವವಳು ನಡುಗೆರೆ ದಾಟುವಂತಿಲ್ಲ, ಸರಿ. ಮುಟ್ಟಿ ಖೋ ಕೊಡಬೇಕು, ಸರಿ. ಪುಸ್ತಕ ಮುಗಿದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟೆಲ್ಲ ಬರ್ದಾರಲ್ಲ, ಹುಡುಗೇರು ಒಂದಕ್ಕೆ ಎಲ್ಲಿಗೆ ಹೋಗಬೇಕು ಅಂತ ಎಲ್ಲಾದ್ರೂ ಐತಾ?"

ಇರಲಿಲ್ಲ. ನಾನು ನಕ್ಕೆ. ಚನ್ನಗಿರಿಗೆ ಆಹ್ವಾನಿತ ಪಂದ್ಯಕ್ಕೆ ಹೋದಾಗ ನಗು ನಿಂತಿತು. ಮೈದಾನದ ಮೂಲೆಯಲ್ಲಿ ಶೌಚಾಲಯವಿತ್ತು, ಅದಕ್ಕೆ ಬೀಗವೂ ಇತ್ತು. ಕೀಲಿ ಇರುವವರು ಊಟಕ್ಕೆ ಹೋಗಿದ್ದರು. ನಮ್ಮ ತಂಡದ ಒಬ್ಬಳಿಗೆ ಆಟದ ನಡುವೆಯೇ ಮುಟ್ಟಾಗಿ, ಅವಳು ಕೂತ ಚೌಕದಿಂದ ಏಳಲಾರದೆ ಅಳುತ್ತಿದ್ದಳು. ಸಂಘಟಕರೊಬ್ಬರು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ ಅಂದರು. ಏನನ್ನು ಅಡ್ಜಸ್ಟ್ ಮಾಡಿಕೊಳ್ಳುವುದೆಂದು ಅವರೂ ಹೇಳಲಿಲ್ಲ. ಕೊಟ್ರಕ್ಕ ಚೀಲದಿಂದ ಒಂದು ಹಳೆಯ ಸೀರೆ ತೆಗೆದರು. ನಾವು ನಾಲ್ವರು ನಾಲ್ಕು ಮೂಲೆ ಹಿಡಿದು ಕಾಂಪೌಂಡಿಗೆ ಒತ್ತಿ ಗೋಡೆ ಕಟ್ಟಿದೆವು. ಒಳಗೆ ಅವರು ಆ ಹುಡುಗಿಯನ್ನು ಸರಿಮಾಡಿದರು. ಅಂದಿನಿಂದ ಆ ಸೀರೆ ನಮ್ಮ ತಂಡದ ಸಾಮಾನಿನ ಪಟ್ಟಿಗೆ ಸೇರಿತು, ಗ್ಲೂಕೋಸ್ ಪುಡಿ, ಅರಿಶಿನ, ಬ್ಯಾಂಡೇಜ್ ಬಟ್ಟೆಯ ಜೊತೆಗೆ.

ಅಂಕಣದ ಸುತ್ತ ಬೇರೆ ತಂದೆತಾಯಿಯರೂ ಇರುತ್ತಿದ್ದರು. ಒಬ್ಬ ಅಪ್ಪ ನನಗೆ ಇನ್ನೂ ಕಣ್ಣಮುಂದಿದ್ದಾರೆ. ಮಗಳು ಔಟಾದರೆ ಸಾಕು, ಅನ್ನ ತಿನ್ನಲ್ವೇನೇ ನೀನು ಎಂದು ಕೂಗುವರು, ಅಂಪೈರನ ಅಂಗಿ ಹಿಡಿಯಲು ಹೋಗುವರು. ಅವರಿಗೆ ಸಂಘಟಕರು ಕುರ್ಚಿ ಹಾಕುತ್ತಿದ್ದರು, ಕಾಫಿ ತರಿಸುತ್ತಿದ್ದರು. ಕೊಟ್ರಕ್ಕ ಕಂಬದ ಹಿಂದೆ ಕುಕ್ಕರುಗಾಲಲ್ಲಿ ಕೂರುವರು. ಕೂಗಿದ್ದೇ ಇಲ್ಲ. ನೀರು ಕೊಡುವಾಗ ಚೈತ್ರಾಳಿಗೆ ಯಾವಾಗಲೂ ಕೊನೆಗೆ.

ಒಮ್ಮೆ ಅವಳು ಎಲ್ಲರ ಮುಂದೆಯೇ ರೇಗಿದಳು. ಓಡಿ ಓಡಿ ಸಾಯೋಳು ನಾನು, ನಂಗೆ ತಳದ ನೀರಾ ಅಂದಳು. "ನಿಂಗೆ ಮೊದ್ಲು ಕೊಟ್ರೆ ನಾನು ಬರೇ ನಿಮ್ಮವ್ವ ಆಗ್ತೀನಿ," ಅಂದರು ಕೊಟ್ರಕ್ಕ. "ನಾ ಬಂದಿರಾದು ಹನ್ನೆರಡು ಜನಕ್ಕೆ."

ಈಗ ಜಗಳೂರು. ಅದನ್ನು ಬರೆಯಬೇಕೆಂದೇ ಇಷ್ಟು ಬರೆದದ್ದು.

ನಾವು ಹತ್ತನೆಯ ತರಗತಿಯಲ್ಲಿದ್ದ ವರ್ಷ ಜಿಲ್ಲಾ ಮಟ್ಟದ ಪಂದ್ಯ ಜಗಳೂರಿನಲ್ಲಿತ್ತು. ತಾಲ್ಲೂಕು ಗೆದ್ದು ನಾವು ಅಲ್ಲಿಗೆ ಹೋಗಿದ್ದೆವು. ಗೆದ್ದರೆ ವಿಭಾಗ ಮಟ್ಟ. ಅಲ್ಲಿ ಆಯ್ಕೆದಾರರ ಕಣ್ಣಿಗೆ ಬಿದ್ದರೆ ಚೈತ್ರಾಳಿಗೆ ಕ್ರೀಡಾ ಹಾಸ್ಟೆಲ್ಲಿನ ದಾರಿ. ತವರು ಹತ್ತಿರ ಅಂತ ಕೊಟ್ರಕ್ಕನ ತಮ್ಮ ಬಿಳಿಚೋಡಿನಿಂದ ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದಿದ್ದ. ಅಕ್ಕ ಕೊರಳಿಗೆ ಬ್ಯಾಡ್ಜು ಹಾಕಿಕೊಂಡು ಅಂಕಣದೊಳಗೆ ಓಡಾಡುವುದನ್ನು ಅವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದ. ನಾವು ಸೆಮಿಫೈನಲ್ ಗೆದ್ದೆವು. ಗೆದ್ದ ಕೂಡಲೇ ಫೈನಲ್ಲಿನ ಎದುರಾಳಿ ತಂಡದ ಮ್ಯಾನೇಜರ್ ಶಾಮಿಯಾನದ ಕೆಳಗಿನ ಮೇಜಿಗೆ ತಕರಾರು ಕೊಟ್ಟರು. ಅಡುಗೆಯವಳನ್ನ ಕರ್ಕೊಂಡು ಬಂದು ಮೇಲ್ವಿಚಾರಕಿ ಅಂತಿದ್ದಾರೆ, ನಿಯಮದಲ್ಲಿ ಶಿಕ್ಷಕಿ ಅಂತೈತೆ, ಟೀಮ್ ಕ್ಯಾನ್ಸಲ್ ಮಾಡ್ರಿ ಎಂದು.

ಮೇಜಿನ ಹಿಂದಿದ್ದವರು ನಮ್ಮ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ತಮ್ಮ ಕೊರಳ ಸೀಟಿಯನ್ನು ನೋಡಿಕೊಂಡರು. ಯಾರಾದರೂ ಹೇಳಬಹುದಿತ್ತು: ಸ್ವಾಮಿ, ಈ ಹೆಂಗಸು ಎರಡು ವರ್ಷದಿಂದ ಹನ್ನೆರಡು ಹುಡುಗಿಯರನ್ನು ನೋಡಿಕೊಂಡಿದ್ದಾರೆ, ನಿಮ್ಮ ನಿಯಮ ಯಾರ ರಕ್ಷಣೆಗಿದೆಯೋ ಅವರನ್ನೇ ಕೇಳಿ. ಇಷ್ಟೇ ಸಾಕಿತ್ತು. ಗೆಲ್ಲುತ್ತಿತ್ತೋ ಇಲ್ಲವೋ, ಸತ್ಯವಾಗಿರುತ್ತಿತ್ತು. ಆದರೆ ಮಾತನಾಡಲು ಎದ್ದವಳು ನಾನು. ಗೆಲ್ಲುವುದನ್ನು ಕಲಿತಿದ್ದವಳು.

ಇವರು ಮೇಲ್ವಿಚಾರಕಿಯೇ ಅಲ್ಲ ಎಂದೆ. ಮಗಳ ಆಟ ನೋಡಲು ಬಂದ ಒಬ್ಬ ತಾಯಿ. ತಾಯಿ ಬರಬಾರದೆಂದು ಯಾವ ನಿಯಮದಲ್ಲಿದೆ, ತೋರಿಸಿ. ಶಿಕ್ಷಕಿಯ ಹೆಸರು ಬೇಕೆಂದರೆ ಈ ಊರಿನ ಟೀಚರೊಬ್ಬರು ಫಾರ್ಮಿನಲ್ಲಿ ಸಹಿ ಹಾಕಲಿ. ನಿಯಮ ಕೇಳುತ್ತಿರುವುದು ಕಾಗದದ ಮೇಲೊಂದು ಹೆಸರನ್ನು, ಅದನ್ನು ಕೊಟ್ಟರಾಯಿತು.

ಮೇಜಿನ ಹಿಂದೆ ಎಲ್ಲರಿಗೂ ಉಸಿರು ಬಂತು. ಹಿರಿಯರೊಬ್ಬರು, ಹುಡುಗಿ ಪಾಯಿಂಟು ಹಿಡಿದೈತೆ ನೋಡ್ರಿ ಅಂದರು. ಅಲ್ಲೇ ಕಾಫಿ ಕುಡಿಯುತ್ತಿದ್ದ ಟೀಚರೊಬ್ಬರು ಲೋಟ ಕೆಳಗಿಟ್ಟು ಸಹಿ ಹಾಕಿದರು. ಹೆಡ್ಮಾಸ್ಟರ ಪತ್ರದಲ್ಲಿ ಕೊಟ್ರಮ್ಮ ಎಂಬ ಹೆಸರಿನ ಮೇಲೆ ಅಡ್ಡಗೆರೆ ಬಿತ್ತು. ಬ್ಯಾಡ್ಜು ವಾಪಸ್ ಕೇಳಿದರು. ತಂದೆತಾಯಿಯರೆಲ್ಲ ಹಗ್ಗದ ಹೊರಗೆ ಎಂದರು. ಆ ಕೂಗುವ ಅಪ್ಪ ಹಗ್ಗದ ಒಳಗೆ ಕುರ್ಚಿಯ ಮೇಲೆ ಕಾಲು ಅಲ್ಲಾಡಿಸುತ್ತ ಕೂತೇ ಇದ್ದರು.

ಕೊಟ್ರಕ್ಕ ಬ್ಯಾಡ್ಜು ತೆಗೆದು ಮೇಜಿನ ಮೇಲಿಟ್ಟರು. ನನ್ನ ಮುಖ ನೋಡಿದರು. "ಆತು ಬಿಡು," ಅಂದರು. ಹಗ್ಗದ ಕೆಳಗೆ ನುಸುಳಿ ಹೊರಗೆ ಹೋದರು. ಅಲ್ಲೇ ನಿಂತಿದ್ದ ತಮ್ಮ ಕೇಳಿದ.

"ಯಾಕಕ್ಕ, ಹೊರಗೆ ಬಂದಿ?"

"ಒಳಗೆ ಬಿಸ್ಲು ಬಾಳ ಐತೆ."

ಬಿಸಿಲು ಹಗ್ಗದ ಆಚೆ ಈಚೆ ಒಂದೇ ಇತ್ತು. ಅವನು ಅಕ್ಕನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಜೊತೆಗೆ ಬಂದವರು ಬೇರೆ ಕಡೆ ನೋಡಿದರು. ಚೈತ್ರಾ ಮಾತ್ರ ಆಡಲ್ಲ ಎಂದು ಹಗ್ಗದ ಹತ್ತಿರ ಬಂದು ನಿಂತಳು. "ಹೋಗು, ನಿನ್ನ ಜಾಗದಾಗ ನೀ ಕುಂದ್ರು," ಎಂದು ಕೊಟ್ರಕ್ಕ ಅವಳ ಹೆಗಲು ಹಿಡಿದು ತಿರುಗಿಸಿ ಕಳಿಸಿದರು.

ನಾವು ಗೆದ್ದೆವು. ಫೋಟೋದಲ್ಲಿ ಕಪ್ಪಿನ ಪಕ್ಕ ಮೇಷ್ಟ್ರು, ನಮ್ಮಲ್ಲಿ ಒಬ್ಬಳ ಹೆಸರೂ ಗೊತ್ತಿಲ್ಲದ ಆ ಟೀಚರು, ಮುಂದಿನ ಸಾಲಿನಲ್ಲಿ ಹಲ್ಲು ಕಿರಿದ ನಾನು. ಸೋಮವಾರದ ಪ್ರಾರ್ಥನೆಯಲ್ಲಿ ಹೆಡ್ಮಾಸ್ಟರು, ವಾದ ಅಂದರೆ ಹೀಗಿರಬೇಕು ಎಂದು ನನಗೆ ಚಪ್ಪಾಳೆ ಹೊಡೆಸಿದರು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ನನಗೆ ಚಪ್ಪಾಳೆ ಇಷ್ಟವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಹಗ್ಗದ ಹೊರಗೆ ನಿಂತವರ ಮುಖ ನೆನಪಿಗೆ ಬಂದದ್ದು ಬಹಳ ದಿನಗಳ ಮೇಲೆ, ಅದೂ ಸಿಟ್ಟಾಗಿ. ಮೇಷ್ಟ್ರ ಮೇಲೆ, ಆ ಕುರ್ಚಿಯ ಮೇಲೆ, 'ಆತು ಬಿಡು' ಎಂದ ಕೊಟ್ರಕ್ಕನ ಮೇಲೂ. ಅವರು ಒಂದು ಸಲ ಕೂಗಿದ್ದರೆ ನನ್ನ ಬಾಯಿಯಾದರೂ ಮುಚ್ಚುತ್ತಿತ್ತು.

ಚೈತ್ರಾ ಕ್ರೀಡಾ ಹಾಸ್ಟೆಲ್ಲಿಗೆ ಸೇರಿದಳು. ನಾನು ಕಾಲೇಜಿಗೆ ಶಿವಮೊಗ್ಗಕ್ಕೆ ಹೋದೆ. ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ, ಹೊನ್ನಾಳಿ ಕಡೆಯ ಬಸ್ಸಿಗೆ ಕಾಯುತ್ತ ಕೊಟ್ರಕ್ಕ ನಿಂತಿದ್ದಾರೆ. ಸುತ್ತ ನಮ್ಮ ಶಾಲೆಯ ಬನಿಯನ್ ತೊಟ್ಟ ಹನ್ನೆರಡು ಹುಡುಗಿಯರು. ಒಬ್ಬಳೂ ಅವರ ಮಗಳಲ್ಲ. ಬಾ ಲಾಯರಮ್ಮ, ಬಡವಾಗಿದ್ದೀಯಲ್ಲ ಅಂದರು. ಮೇಷ್ಟ್ರು ಬೈಕಿನಲ್ಲಿ ಮುಂದೆ ಹೋಗಿದ್ದಾರಂತೆ. ತಂಡದ ಫಾರ್ಮು ಇವರ ಕೈಯಲ್ಲಿತ್ತು. ಇಸಿದುಕೊಂಡು ಓದಿದೆ. ಜೊತೆಗಿರುವ ಶಿಕ್ಷಕಿ ಎಂಬಲ್ಲಿ ಬಸ್ಸು ಹತ್ತಿದರೆ ವಾಂತಿಯಾಗುವ ಟೀಚರ ಹೆಸರು, ದುಂಡನೆಯ ಸಹಿ. ಎಲ್ಲಿ ಅವರು ಎಂದು ಕೇಳಿದೆ. ಮನೆಯಾಗೆ ಅಂದರು ಕೊಟ್ರಕ್ಕ. ನೀವು ಯಾವ ಲೆಕ್ಕದಲ್ಲಿ ಹೋಗುತ್ತಿದ್ದೀರಿ ಎಂದೆ.

"ಆಟ ನೋಡಾಕೆ ಹೊಂಟೀನಿ. ನೀನೇ ಹಂಗೆ ಮಾಡಿಕೊಟ್ಟಿಯಲ್ಲ, ಅವತ್ತಿಂದ ಹಂಗೇ ನಡೀತೈತೆ."

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಜಗಳೂರಿನಲ್ಲಿ ಹತ್ತು ನಿಮಿಷಕ್ಕೆಂದು ನಾನು ಕಟ್ಟಿದ ಸುಳ್ಳನ್ನು ಶಾಲೆ ವರ್ಷಾವರ್ಷದ ಪದ್ಧತಿ ಮಾಡಿಕೊಂಡಿತ್ತು. ಟೀಚರು ಕಾಗದದಲ್ಲಿ, ಕೊಟ್ರಕ್ಕ ಬಸ್ಸಿನಲ್ಲಿ.

ನಾನು ಅಲ್ಲೇ ವಾದಕ್ಕೆ ನಿಂತೆ. "ಅಕ್ಕ, ಇವತ್ತು ಬಸ್ ಹತ್ತಬ್ಯಾಡ್ರಿ. ನೀವು ಹೋಗ್ಲಿಲ್ಲ ಅಂದ್ರೆ ಹೆಸರಿರೋರು ಬರಲೇಬೇಕು."

"ಬರಂಗಿಲ್ಲ. ಆಟ ನಿಲ್ತೈತೆ."

"ನಿಲ್ಲಲಿ. ಒಂದು ವರ್ಷ ನಿಂತ್ರೆ ಬುದ್ಧಿ ಬರ್ತೈತೆ."

ಅವರು ಪಕ್ಕದಲ್ಲಿದ್ದ ಎತ್ತರದ ಹುಡುಗಿಯ ತೋಳು ಹಿಡಿದು ನನ್ನ ಮುಂದೆ ನಿಲ್ಲಿಸಿದರು. "ಇವಳಿಗೆ ಬರೋ ವರ್ಷ ವಯಸ್ಸು ದಾಟ್ತೈತೆ, ಪಟ್ಟಿಗೆ ತಗಳಂಗಿಲ್ಲ. ಅವ್ರಿಗೆ ಬುದ್ಧಿ ಬರಾ ತನಕ ಇವಳು ಎಲ್ಲಿ ನಿಲ್ಲಬೇಕು, ಹೇಳು."

ನನ್ನಲ್ಲಿ ಉತ್ತರವಿತ್ತು. ಈಗಲೂ ಇದೆ: ಹೀಗೆ ಹತ್ತುತ್ತ ಹೋದರೆ ಯಾರಿಗೂ ಎಂದೂ ಬುದ್ಧಿ ಬರುವುದಿಲ್ಲ. ಆದರೆ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಪೆನ್ನು ತೆಗೆದು ಫಾರ್ಮಿನಲ್ಲಿ ಟೀಚರ ಹೆಸರಿನ ಕೆಳಗೆ ಕೊಟ್ರಮ್ಮ ಎಂದು ಬರೆಯಲು ಹೋದೆ. ಅವರು ಕಾಗದದ ಮೇಲೆ ಅಂಗೈ ಇಟ್ಟರು.

"ಬ್ಯಾಡ. ಅಲ್ಲಿ ಯಾರಾದ್ರೂ ತಕರಾರು ತಗೀತಾರೆ. ವಾದ ಮಾಡಾಕೆ ನೀನಿರಂಗಿಲ್ಲ."

ಬಸ್ಸು ಬಂತು. ಹುಡುಗಿಯರ ತಲೆ ಎಣಿಸಿ ಹತ್ತಿಸಿ, ಕೊನೆಗೆ ತಾವು ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಹೋದ ವರ್ಷ ಅವರು ಅಡುಗೆ ಕೆಲಸ ಬಿಟ್ಟು ಬಿಳಿಚೋಡಿಗೆ ಹೋದರು, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು. ಮಳೆಗಾಲ ಮುಗಿಯುತ್ತಿದ್ದಂತೆ ಹೋಬಳಿ ಪಂದ್ಯ ಬಂತು. ನಮ್ಮ ಶಾಲೆಯ ಹುಡುಗಿಯರು ಹೋಗಲಿಲ್ಲವೆಂದು ಕೇಳಿ ನಾನು ಶಾಲೆಗೆ ಹೋದೆ. ಈ ಸಲ ಏನೇ ಆಗಲಿ ಬಿಡಬಾರದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಪಿ.ಟಿ. ಮೇಷ್ಟ್ರು ಕುರ್ಚಿ ತೋರಿಸಿದರು, ಕೂರಲಿಲ್ಲ. ತಂಡ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಅವರು ಬೀರು ತೆರೆದು ಫೈಲಿನಿಂದ ಒಂದು ಫಾರ್ಮು ತೆಗೆದು ನನ್ನ ಮುಂದಿಟ್ಟರು. ಹನ್ನೆರಡು ಹುಡುಗಿಯರ ಹೆಸರು, ಅಂಟಿಸಿದ ಫೋಟೋಗಳು, ಶಾಲೆಯ ಮೊಹರು, ಟೀಚರ ದುಂಡನೆಯ ಸಹಿ.

"ಆ ದಿನ ಟೀಚರ್ ಯಾರಿಗೂ ಬರಾಕೆ ಆಗ್ಲಿಲ್ಲ," ಅಂದರು ಮೇಷ್ಟ್ರು. "ಆದ್ರೆ ನೋಡಮ್ಮ, ನಮ್ಮ ಕಡೆಯಿಂದ ಪೇಪರ್ ಎಲ್ಲ ಕರೆಕ್ಟಾಗೈತೆ."