ಬ್ರೊಸ್ತಿ ತಾಯಿಯ ಎಡೆ

ಡೋರಕ್ಕನ ಮನೆಯಲ್ಲಿ ಎಡೆ ಇಡದೆ ಯಾರೂ ತುತ್ತು ಎತ್ತುವ ಹಾಗಿರಲಿಲ್ಲ. ಮದುವೆ, ಕ್ರಿಸ್‌ಮಸ್, ನಾಮಕರಣ, ಏನೇ ಇರಲಿ, ಮೊದಲ ತಟ್ಟೆ ಸತ್ತವರಿಗೆ. ಮೇಕೆ ಮಾಂಸದ ಸಾರು, ಪಕ್ಕದಲ್ಲಿ ಒಂದು ಗುಟುಕು ರಮ್. ಸಾರಿಗೆ ಉಪ್ಪು ಹಾಕುವಂತಿಲ್ಲ, ಸತ್ತವರಿಗೆ ಉಪ್ಪು ಆಗಿಬರುವುದಿಲ್ಲ. ಎಡೆ ಇಟ್ಟು, ಹಿಂಬಾಗಿಲು ತೆರೆದು, "ಬ್ರೊಸ್ತಿ! ಬ್ರೊಸ್ತಿ ತಾಯೀ, ಬಾರವ್ವ, ಉಣ್ಣು ಬಾ" ಎಂದು ಕೂಗುತ್ತಿದ್ದಳು. ಅವಳ ಅಜ್ಜಿಯೂ ಹಾಗೇ ಕೂಗಿದವಳು, ಆ ಅಜ್ಜಿಯ ಅಜ್ಜಿಯೂ.

ಬ್ರೊಸ್ತಿ ಎಂದರೆ ಆ ವಂಶದ ಮೊದಲ ಹೆಣ್ಣು. ಆಫ್ರಿಕಾದಿಂದ ಹಡಗಿನಲ್ಲಿ ತಂದು, ನಮ್ಮ ಮಾಂಟ್ಸೆರಾಟ್ ದ್ವೀಪದಲ್ಲಿ ಕಬ್ಬಿನ ತೋಟದ ಐರಿಷ್ ದಣಿಯೊಬ್ಬನಿಗೆ ಮಾರಿದರಂತೆ. ಇಲ್ಲಿ ನಮ್ಮ ಮೈ ಕಪ್ಪು, ಹೆಸರು ಮಾತ್ರ ಐರಿಷ್: ಸ್ವೀನಿ, ರೈಲಿ, ಡೇಲಿ. ದನಕ್ಕೆ ಬರೆ ಎಳೆದ ಹಾಗೆ ದಣಿಗಳು ಎಳೆದುಹೋದ ಹೆಸರುಗಳು. ನನಗೂ ಅಂಥದೊಂದಿದೆ, ಹೇಳಲು ಮನಸ್ಸಿಲ್ಲ. ಡೋರಕ್ಕನೂ ಸ್ವೀನಿಯೇ, ಆದರೆ ಅವಳ ಮನೆಯಲ್ಲಿ ದಣಿ ಕೊಡದ ಹೆಸರೊಂದು ಉಳಿದಿತ್ತು. ಅದರ ಜಂಭವೋ ಜಂಭ! "ನಿಮ್ಮದೆಲ್ಲ ಅವರು ಬಿಟ್ಟುಹೋದ ಹಳೇ ಅಂಗಿ ಕಣ್ರೇ. ನಮ್ಮನೇಲಿ ಒಂದಾದ್ರೂ ಸ್ವಂತದ್ದಿದೆ" ಎಂದು ಪಕ್ಕದ ಮನೆಯವಳಾದ ನನ್ನನ್ನು ಹಂಗಿಸುವಳು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ?

ಡೋರಕ್ಕ ಊರವರ ಬಟ್ಟೆ ಒಗೆದು ಮಗಳನ್ನು ಸಾಕಿದಳು. ಆ ಮಗಳಿಗೆ ಬ್ರೊಸ್ತಿ ಎಂದು ಹೆಸರಿಡಲು ಹೋದರೆ, ಸಂತರ ಹೆಸರಲ್ಲ ಎಂದು ಪಾದ್ರಿ ಒಪ್ಪಲಿಲ್ಲ. ಜ್ವಾಲಾಮುಖಿ ಸಿಡಿದು ಊರು ಬೂದಿಯಲ್ಲಿ ಹೂತುಹೋದಾಗ ಜನ ಹಾಸಿಗೆ, ರೇಡಿಯೋ ಹೊತ್ತುಕೊಂಡು ಉತ್ತರಕ್ಕೆ ಓಡಿದರು. ಇವಳು ಎಡೆಯ ತಟ್ಟೆಯನ್ನು ಎದೆಗವಚಿಕೊಂಡು ಓಡಿದಳು. ಈಗ ಮೊಮ್ಮಗಳು ವೆರ್ನಿಸ್ ಹೆಣ್ಣು ಹೆತ್ತಿದ್ದಳು. ಹೊಸ ಪಾದ್ರಿ ಹೂಂ ಎಂದಿದ್ದ. ಭಾನುವಾರ ಕೂಸಿಗೆ ಬ್ರೊಸ್ತಿ ಎಂದು ನಾಮಕರಣ. ಡೋರಕ್ಕ ಜೀವ ಹಿಡಿದುಕೊಂಡಿದ್ದೇ ಆ ಭಾನುವಾರಕ್ಕಾಗಿ.

ಶನಿವಾರ ಡೋರಕ್ಕನ ಮನೆಗೆ ಬಂದ ಆ ಮುದುಕ. ಕೊಲ್ಮನ್ ಸ್ವೀನಿಯಂತೆ, ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ದನ ಸಾಕುವವನು. ಸಂತ ಪ್ಯಾಟ್ರಿಕ್ಕನ ಹಬ್ಬಕ್ಕೆ ಬರುವ ಈ ಐರಿಷರಿಗೆ ನಮ್ಮ ಹೆಸರು ಕೇಳಿದರೆ ಕುಣಿಯುವಂತಾಗುತ್ತದೆ. "ನಾವು ನೀವು ನೆಂಟರು ತಾಯೀ! ನಮ್ಮವರನ್ನೂ ಹಿಡಿದು ಈ ದ್ವೀಪಕ್ಕೆ ತಂದಿದ್ರು. ನಾವೂ ಕಷ್ಟಪಟ್ಟೋರೇ" ಎಂದ ಡೋರಕ್ಕನಿಗೆ.

"ಪಟ್ಟಿರಬಹುದು ಯಜಮಾನ್ರೇ," ಎಂದೆ ನಾನು, ನಾಳೆಯ ಮಾಂಸ ಕೊಚ್ಚುತ್ತಾ. "ಆದ್ರೆ ನಿಮ್ಮ ಹೆಸರು ನಮಗೆ ಬಂತು. ನಮ್ಮ ಹೆಸರು ನಿಮಗ್ಯಾಕೆ ಬರ್ಲಿಲ್ಲ?"

ಅವನು ಕೆಂಪಾದ. "ಬಾಯ್ಮುಚ್ಚೇ, ಮನೆಗೆ ಬಂದೋರ ಹತ್ರ ಎಂಥಾ ಮಾತು!" ಎಂದು ಡೋರಕ್ಕ ನನ್ನನ್ನು ಗದರಿ, ಅವನಿಗೆ ಕೂಸನ್ನು ತೋರಿಸಿದಳು. "ನಮ್ಮದೂ ಒಂದು ಹೆಸರಿದೆಯಪ್ಪಾ. ಆಫ್ರಿಕಾದ್ದು. ನಾಳೆ ಇವಳಿಗಿಡ್ತೀವಿ. ಬ್ರೊಸ್ತಿ ಅಂತ."

ಮುದುಕನ ಮುಖ ಅರಳಿತು. "ಬ್ರೊಸ್ತಿ! ಅಯ್ಯೋ, ಅದು ನಮ್ಮ ಐರಿಷ್ ಮಾತು ತಾಯೀ! ನಮ್ಮಪ್ಪ ದಿನಾ ಬೆಳಿಗ್ಗೆ ಅದನ್ನೇ ಕೂಗ್ತಿದ್ದ."

"ಹಂಗಂದ್ರೆ ಏನು?"

"ಬೇಗ ನಡಿ, ಅಂತ. ಹಸು ಹೊಡಕೊಂಡು ಹೋಗೋವಾಗ..." ಅಷ್ಟು ಹೇಳಿದ ಮೇಲೆ ಅವನಿಗೇ ಹೊಳೆಯಿತು.

ಡೋರಕ್ಕನ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು. "ಹಸುಗಾ?" ಎಂದಳು. "ಮನುಷ್ಯರಿಗೆ ಅನ್ನಲ್ವಾ?"

"ಅಂತಾರಮ್ಮ," ಎಂದ ಮುದುಕ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು. "ಕೆಲಸದೋರು ನಿಧಾನ ಮಾಡಿದ್ರೆ."

ಹಡಗಿನಲ್ಲಿ ಬಂದ ಆ ಹೆಂಗಸಿಗೆ ಹೆತ್ತ ತಾಯಿ ಇಟ್ಟ ಹೆಸರೊಂದು ಇದ್ದೇ ಇದ್ದಿರಬೇಕು. ಕಬ್ಬಿನ ಗದ್ದೆಯಲ್ಲಿ ಅದನ್ನು ಕೇಳುವವರು ಯಾರು? ದಿನವಿಡೀ ಬೆನ್ನ ಹಿಂದಿನಿಂದ ದಣಿ ಕೂಗಿದ್ದನ್ನೇ ಅವಳ ಮಕ್ಕಳು ಅಮ್ಮನ ಹೆಸರು ಅಂದುಕೊಂಡವು. ಸತ್ತ ಮೇಲೂ, ಊಟಕ್ಕೆ ಕರೆಯುವಾಗಲೂ, ಸ್ವಂತ ಮೊಮ್ಮಕ್ಕಳೇ ಅವಳನ್ನು ಅಟ್ಟುತ್ತಾ ಬಂದರಲ್ಲ!

"ತಪ್ಪಾಯ್ತು ತಾಯಿ" ಎಂದ ಮುದುಕ. "ನಾ ಕೇಳಿದ್ದಕ್ಕೆ ನೀ ಹೇಳ್ದೆ, ಬಿಡಪ್ಪಾ" ಎಂದು ಡೋರಕ್ಕ ಒಳಗೆ ಹೋದಳು.

ಭಾನುವಾರ ಪಾದ್ರಿ ಹೆಸರು ಕೇಳಿದಾಗ ವೆರ್ನಿಸ್ ಅಜ್ಜಿಯ ಮುಖ ನೋಡಿದಳು. ಅಜ್ಜಿ ನೆಲ ನೋಡುತ್ತಿದ್ದಳು. ಕಾದು ಕಾದು ಪಾದ್ರಿಯೇ ಒಬ್ಬ ಸಂತಳ ಹೆಸರು ಹೇಳಿದ; ಕೂಸು ಗರ್ಟ್ರೂಡ್ ಆಯಿತು. ಮತ್ತೆ ಯಾರೋ ಕೊಟ್ಟ ಹೆಸರು.

ಮನೆಗೆ ಬಂದು ಡೋರಕ್ಕ ಎಡೆ ಇಟ್ಟಳು. ಹಿಂಬಾಗಿಲು ತೆರೆದಳು. ಕೂಗಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಸಾರು ಆರುತ್ತಿತ್ತು, ಬಂದವರಿಗೆಲ್ಲ ಹಸಿವು.

"ಕೂಗು ಅಕ್ಕ," ಎಂದೆ ಮೆಲ್ಲಗೆ.

"ಏನಂತ ಕೂಗ್ಲೇ?" ಎಂದು ನನ್ನತ್ತ ತಿರುಗಿದಳು.

ಅಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟ ನಾನು, ಅವತ್ತು ಗೋಡೆಗೆ ಮುಖ ಮಾಡಿ ಅತ್ತೆ.

ಡೋರಕ್ಕ ಹೊಸ್ತಿಲಲ್ಲಿ ಕೂತಳು. ತಟ್ಟೆಯನ್ನು ಹೊರಗಿನ ಕಡೆಗೆ ಸ್ವಲ್ಪ ಸರಿಸಿದಳು.

"ನಿಧಾನವಾಗಿ ಬಾರವ್ವ," ಎಂದಳು. "ಅವಸರ ಇಲ್ಲ. ನೀನು ಬರೋವರೆಗೂ ಕಾಯ್ತೀವಿ."

ಅವತ್ತು ಕತ್ತಲಾಗುವವರೆಗೂ ನಾವು ಯಾರೂ ಉಣ್ಣಲಿಲ್ಲ.