ರಾಚವ್ವ ಮತ್ತು ಲಂಡನ್ನಿನ ಆಪೂಸು

ರಾಚವ್ವನಿಗೆ ನನ್ನ ಮೇಲೆ ಸಿಟ್ಟಿತ್ತು. ಸಿಟ್ಟಿಗೆ ಕಾರಣ ನಾನೇ. ಅದನ್ನು ಮುಚ್ಚಿಟ್ಟುಕೊಂಡು ಅವಳ ಕಥೆ ಹೇಳಲು ನನ್ನಿಂದಾಗದು.

ಅವಳು ಮುಧೋಳದ ಕಡೆಯವಳು. ಗಂಡ ಮುಂಬಯಿಯ ಪರೇಲಿನ ಬಟ್ಟೆ ಗಿರಣಿಯಲ್ಲಿದ್ದ, ಕೆಮ್ಮಿ ಕೆಮ್ಮಿ ಸತ್ತ. ಊರಿಗೆ ಕರೆದೊಯ್ಯಲು ಬಂದ ಮೈದುನರನ್ನು, “ನಿಮ್ಮ ಎಮ್ಮಿ ಕಾಯಾಕ ನಾ ಬರೂದಿಲ್ಲ” ಎಂದು ಚಾಳಿನ ಬಾಗಿಲಿಂದಲೇ ತಿರುಗಿಸಿ ಕಳಿಸಿದಳಂತೆ. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಬುಟ್ಟಿ ಹೊತ್ತಳು, ಹಣ್ಣು ಆರಿಸುವುದನ್ನು ಕಲಿತಳು. 1955ರ ಹೊತ್ತಿಗೆ ನಮ್ಮ ಸೇಠ್‌ರ ಗೋದಾಮಿನಲ್ಲಿ ಆರು ಹೆಂಗಸರ ಮೇಲೆ ಅವಳದೇ ಹುಕುಂ.

ನಮ್ಮದು ವಿಮಾನದಲ್ಲಿ ಮಾವು ಕಳಿಸುವ ಕಂಪನಿ. ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಂದು ಸಲ ರತ್ನಾಗಿರಿ ಆಪೂಸು ಲಂಡನ್ನಿಗೆ ಹೋಗುತ್ತಿತ್ತು. ವಿಮಾನ ಮರುದಿನವೇ ಮುಟ್ಟಿಸಿದರೂ ಅಂಗಡಿ ಸೇರಿ, ಗಿರಾಕಿಯ ಮನೆ ಸೇರಿ, ಯಾರೋ ಅದನ್ನು ಕೊಯ್ಯುವ ಹೊತ್ತಿಗೆ ಐದಾರು ದಿನ. ಆದ್ದರಿಂದ ಇಲ್ಲಿ ತುಂಬುವಾಗ ಕಾಯಿ ಬಲಿತಿರಬೇಕು, ಆದರೆ ಹಣ್ಣಾಗಿರಬಾರದು. ರಾಚವ್ವ ತೊಟ್ಟಿನ ಹತ್ತಿರ ಹೆಬ್ಬೆರಳು ಊರಿ, ಒಮ್ಮೆ ಮೂಸಿ, “ಇದು ಶುಕ್ರವಾರದ್ದು” ಅನ್ನುತ್ತಿದ್ದಳು. ಅದು ಶುಕ್ರವಾರವೇ ಹಣ್ಣಾಗುತ್ತಿತ್ತು. ಅವಳ ಕೈ ತಪ್ಪಿದ್ದನ್ನು ನಾನು ನೋಡಿಲ್ಲ. ಅವಳು ಯಾರನ್ನಾದರೂ ಮೆಚ್ಚಿ ಮಾತಾಡಿದ್ದನ್ನೂ ಕೇಳಿಲ್ಲ.

ಫೋರ್ಟಿನ ನಮ್ಮ ಆಫೀಸಿಗೆ ಮ್ಯಾನೇಜರು ರಮಾನಾಥ, ಉಡುಪಿಯ ಕಡೆಯವರು. ಮಾಟುಂಗದಲ್ಲಿ ಮನೆ, ಮಡಿಕೆ ಮುರಿಯದ ಬಿಳಿ ಪ್ಯಾಂಟು. ಅವರ ಕೈಕೆಳಗೆ ನಾನು ಸಂಗಪ್ಪ, ಟೈಪಿಸ್ಟು. ವಿಮಾನಕ್ಕೆ ಮಾಲು ಹೋಗುವ ದಿನ ಕಾಗದಪತ್ರ ಹಿಡಿದು ಸಾಂತಾಕ್ರೂಜಿನ ವಿಮಾನ ನಿಲ್ದಾಣಕ್ಕೆ ಹೋಗುವವನೂ ನಾನೇ.

ರಮಾನಾಥರಿಗೂ ರಾಚವ್ವನಿಗೂ ಮೊದಲ ಜಗಳ ಹುಲ್ಲಿಗಾಗಿ ಆಯಿತು. ವಿಮಾನದ ಬಾಡಿಗೆ ತೂಕದ ಮೇಲೆ. ಪೆಟ್ಟಿಗೆಯಲ್ಲಿ ಹಾಸುವ ಭತ್ತದ ಹುಲ್ಲನ್ನು ಅರ್ಧಕ್ಕಿಳಿಸಬೇಕೆಂದು ಹೇಳಲು ಅವರು ಗೋದಾಮಿಗೆ ಬಂದರು.

“ಎಂತದು ಮಾರಾಯ್ತಿ, ಇಷ್ಟು ಹುಲ್ಲು? ಲಂಡನಿನವರು ಹುಲ್ಲು ತಿನ್ನುವುದಾ?”

ರಾಚವ್ವ ತಲೆಯೆತ್ತಲಿಲ್ಲ. “ಹುಲ್ಲ ತಿನ್ನವರು ಇಲ್ಲೇ ಅದಾರ್ರಿ.”

ಆರು ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ರಮಾನಾಥರು ಬಗ್ಗಿ ತಾವೇ ಹಿಡಿ ಹಿಡಿ ಹುಲ್ಲನ್ನು ಪೆಟ್ಟಿಗೆಯಿಂದ ಕಿತ್ತು ನೆಲಕ್ಕೆಸೆದರು. ಆ ನಗೆಯನ್ನು ಅವರು ಮರೆಯಲಿಲ್ಲ.

ಮೇ ಎರಡನೇ ವಾರ ನಲವತ್ತು ಪೆಟ್ಟಿಗೆ ಹೋಗಬೇಕಿತ್ತು. ವಿಮಾನ ಸಂಜೆ ನಾಲ್ಕಕ್ಕೆ. ಲಾರಿ ಮಧ್ಯಾಹ್ನ ಬೇರೆ ಕೆಲಸಕ್ಕೆ ಬೇಕೆಂದು ರಮಾನಾಥರು ಹತ್ತು ಗಂಟೆಗೇ ಮಾಲು ಹೊರಡಿಸಿದರು. ಅಷ್ಟು ಬೇಗ ಬರುವ ಮಾಲಿಗೆ ಸರಕಿನ ಶೆಡ್ಡಿನಲ್ಲಿ ಜಾಗ ಕೇಳಿಟ್ಟಿರಲಿಲ್ಲ. ಪೆಟ್ಟಿಗೆಗಳು ಕೈಗಾಡಿಯ ಮೇಲೆ ಅಂಗಳದಲ್ಲಿ ಬಿಸಿಲಿಗೆ ನಿಂತವು. ಕಾಂಕ್ರೀಟು ಬೂಟಿನ ಒಳಗೂ ಸುಡುತ್ತಿತ್ತು. ನಾನು ಫೋನ್ ಮಾಡಿದೆ.

“ತಾಡಪತ್ರಿ ಹೊದಿಸು ಮಾರಾಯ. ಸಣ್ಣ ಸಣ್ಣದಕ್ಕೆಲ್ಲ ಫೋನ್ ಮಾಡಬೇಡ.”

ಹೊದಿಸಿದೆ. ತಾಡಪತ್ರಿಯ ಕೆಳಗೆ ಕೈ ಹಾಕಿದರೆ ಒಳಗಿನ ಕಾವು ಮುಖಕ್ಕೇ ಹೊಡೆಯಿತು. ಹಾಗೇ ಬಿಟ್ಟೆ.

ಐದನೇ ದಿನ ಲಂಡನ್ನಿನಿಂದ ತಂತಿ ಬಂತು. ಹಣ್ಣು ಮೇಲೆ ಚೆನ್ನ, ಕೊಯ್ದರೆ ಒಳಗೆ ಕಪ್ಪು, ಇನ್ನೊಮ್ಮೆ ಹೀಗಾದರೆ ವ್ಯಾಪಾರ ಮುಗಿಯಿತು ಎಂದಿತ್ತು. ಸೇಠ್‌ರ ಕೋಣೆಯಿಂದ ಹೊರಬಂದ ರಮಾನಾಥರು ನನ್ನ ಮೇಜಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಕಾಗದ ಹೇಳಿ ಬರೆಸಿದರು. ಹಣ್ಣಾಗಿದ್ದ ಮಾಲನ್ನು ತಿಳಿದೂ ತುಂಬಿದ್ದಕ್ಕಾಗಿ ರಾಚವ್ವನನ್ನು ಇಂದಿನಿಂದ ತೆಗೆದಿದೆ. ನಾನು ಒಂದು ತಪ್ಪೂ ಇಲ್ಲದೆ ಟೈಪ್ ಮಾಡಿದೆ. ಗೋದಾಮಿಗೆ ಹೋಗಿ ಅದನ್ನು ಓದಿ ಹೇಳುವ ಕೆಲಸವೂ ನನಗೇ ಬಂತು.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ತಮ್ಮಾ, ಅವತ್ತ ನೀನ ಹೋಗಿದ್ದಿ ಅಲ್ಲಾ. ಪೆಟ್ಟಿಗಿ ಬಿಸಲಾಗ ನಿಂತಿದ್ವೇನು?” ಎಂದಳು.

ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

“ನನಗ ಗೊತ್ತಿಲ್ಲ ರಾಚಕ್ಕ,” ಎಂದೆ.

“ಗೊತ್ತಿಲ್ಲ,” ಅವಳು ಅಷ್ಟನ್ನೇ ತಿರುಗಿ ಹೇಳಿದಳು. ಕಾಗದವನ್ನು ನನ್ನ ಕೈಯಿಂದ ಕಸಿದುಕೊಂಡು ಹೊರಟಳು. ಆಮೇಲೆ ಅವಳು ನನ್ನನ್ನು ತಮ್ಮಾ ಎನ್ನಲಿಲ್ಲ.

ಮುಂದಿನ ಮಾಲು ಹೊರಟದ್ದೂ ಹತ್ತು ಗಂಟೆಗೇ, ನಿಂತದ್ದೂ ಅದೇ ಬಿಸಿಲಿಗೆ. ಹೊತ್ತು ಬದಲಿಸಿದರೆ ತಪ್ಪು ಒಪ್ಪಿಕೊಂಡಂತೆ ಎಂದು ರಮಾನಾಥರಿಗೆ ಅನ್ನಿಸಿರಬೇಕು. ಲಂಡನ್ನಿನವರ ಬೆದರಿಕೆಯ ನಂತರ ಸೇಠ್ ಖುದ್ದಾಗಿ ಮಾಲು ಹತ್ತಿಸಲು ಬರುತ್ತಾರೆಂದು ಸುದ್ದಿಯಿತ್ತು. ಗೋದಾಮಿನ ಹೆಂಗಸರು ಅದನ್ನು ರಾಚವ್ವನಿಗೆ ಮುಟ್ಟಿಸಿದ್ದರು.

ಎರಡೂವರೆಗೆ ಸಾಂತಾಕ್ರೂಜಿನ ಅಂಗಳಕ್ಕೆ ಸೇಠ್‌ರ ಕಾರು ಬಂತು, ಜೊತೆಗೆ ರಮಾನಾಥರು. ಹಮಾಲರು ಪೆಟ್ಟಿಗೆ ತುಂಬಿದ ಕೈಗಾಡಿಯನ್ನು ಬಿಸಿಲಿನಿಂದ ಶೆಡ್ಡಿನ ನೆರಳಿಗೆ ತಳ್ಳಲು ಹಿಡಿದರು. ಅಷ್ಟರಲ್ಲಿ ಗೇಟಿನ ಕಡೆಯಿಂದ ರಾಚವ್ವ ಬಿರಬಿರನೆ ಬಂದು ಗಾಡಿಯ ಗಾಲಿಗೆ ಬೆನ್ನು ಕೊಟ್ಟು ಆ ಸುಡುವ ನೆಲದ ಮೇಲೆ ಕೂತುಬಿಟ್ಟಳು.

“ಇವಳನ್ನು ಎಳೆದು ಹಾಕಿ,” ಎಂದರು ರಮಾನಾಥರು. “ಕೆಲಸದಿಂದ ತೆಗೆದದ್ದು ಇವಳನ್ನು. ತಲೆ ಸಮ ಇಲ್ಲ.”

“ಎಳೀರಿ,” ಎಂದಳು ರಾಚವ್ವ. “ಗಾಲಿ ನನ್ನ ಮ್ಯಾಲಿಂದ ಹೋಗ್ಲಿ.”

ಒಬ್ಬ ಹಮಾಲ ರಟ್ಟೆ ಹಿಡಿದ. ಅವಳು ಅವನ ಕೈ ಕಚ್ಚಿದಳು. ಪೋಲೀಸನನ್ನು ಕರೆಯಲು ಯಾರೋ ಓಡಿದರು. ಆ ಗದ್ದಲದಲ್ಲೇ ಅವಳು ಎದ್ದು, ಮೇಲಿನ ಪೆಟ್ಟಿಗೆಯ ಮರದ ಪಟ್ಟಿಗೆ ಎರಡೂ ಕೈಯ ಬೆರಳು ಸಿಕ್ಕಿಸಿ ಜಗ್ಗಿದಳು. ಮೊಳೆ ಕಿತ್ತುಬಂತು. ಬೆರಳು ಸೀಳಿ ರಕ್ತ ಇಳಿಯಿತು. ಹುಲ್ಲಿನ ನಡುವಿನಿಂದ ಒಂದು ಹಣ್ಣು ತೆಗೆದು ನೇರ ಸೇಠ್‌ರ ಬಳಿ ಹೋದಳು.

“ಹಾಥ್ ಮೇಂ ಲೇಕೆ ದೇಖೋ, ಸೇಠ್.”

ಸೇಠ್ ಕೈಯಲ್ಲಿ ಹಿಡಿದು ನೋಡಿದರು. ಅದನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಬದಲಿಸಿದರು. ಒಲೆಯ ಮೇಲಿನ ರೊಟ್ಟಿಯಷ್ಟು ಬಿಸಿಯಿದ್ದಿರಬೇಕು. ರಮಾನಾಥರು, ಈಗಷ್ಟೇ ಐದು ನಿಮಿಷ ಹೊರಗಿತ್ತು, ಎಂದೇನೋ ಹೇಳತೊಡಗಿದರು. ಸೇಠ್ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. ಮಾಲು ಎಷ್ಟು ಹೊತ್ತಿನಿಂದ ಇಲ್ಲಿದೆ, ಹೋದ ಸಲ ಎಷ್ಟು ಹೊತ್ತಿತ್ತು ಎಂದು ಕೇಳಿದರು.

ರಮಾನಾಥರ ಕಣ್ಣು ನನ್ನ ಮೇಲಿತ್ತು. ರಾಚವ್ವ ನನ್ನ ಕಡೆ ನೋಡಲೇ ಇಲ್ಲ. ಸೀರೆಯ ಸೆರಗು ಹರಿದು ಬೆರಳಿಗೆ ಸುತ್ತುತ್ತಿದ್ದಳು.

“ಇವತ್ತು ಮೂರು ತಾಸು,” ಎಂದೆ. “ಹೋದ ಸಲ ನಾಲ್ಕು. ನಾನು ಫೋನ್ ಮಾಡಿದ್ದೆ.”

ಸೇಠ್ ಆ ಮಾಲನ್ನು ವಿಮಾನಕ್ಕೆ ಹತ್ತಿಸಗೊಡಲಿಲ್ಲ. ಅಲ್ಲೇ, ಹಮಾಲರ ಎದುರಿಗೇ, ರಮಾನಾಥರಿಗೆ ಗುಜರಾತಿಯಲ್ಲಿ ಅಂದದ್ದನ್ನು ನಾನು ಬರೆಯುವುದಿಲ್ಲ. ಆಮೇಲೆ ರಾಚವ್ವನಿಗೆ ನಾಳೆಯಿಂದ ಕೆಲಸಕ್ಕೆ ಬಾ ಎಂದರು.

“ಕೆಲಸ ಕೇಳಾಕ ಬಂದಿಲ್ಲ ನಾ,” ಎಂದು ಅವಳು ಕನ್ನಡದಲ್ಲೇ ಹೇಳಿ, ಇದನ್ನು ಅವರಿಗೆ ತಿಳಿಯುವಂತೆ ಹೇಳು ಎಂಬಂತೆ ಗದ್ದವನ್ನಷ್ಟೇ ನನ್ನ ಕಡೆ ತಿರುವಿದಳು. “ನನ್ನ ಕೈ ಸುಳ್ಳ ಅಂತ ಕಾಗದ ಬರದೀರಿ. ಅದು ಸುಳ್ಳ ಅಂತ ಇನ್ನೊಂದ ಬರೀರಿ.”

ಆ ಕಾಗದವನ್ನೂ ನಾನೇ ಟೈಪ್ ಮಾಡಿದೆ. ಸೇಠ್ ಸಹಿ ಹಾಕಿದರು. ರಾಚವ್ವ ಅದನ್ನು ತೆಗೆದುಕೊಂಡು ಹೋಗಿ ದಾದರಿನ ಒಬ್ಬ ಹಣ್ಣಿನ ವ್ಯಾಪಾರಿಯ ಹತ್ತಿರ ಸೇರಿದಳು. ನಮ್ಮ ಆರು ಹೆಂಗಸರಲ್ಲಿ ನಾಲ್ವರು ಅವಳ ಹಿಂದೆ ಹೋದರು. ರಮಾನಾಥರು ಮ್ಯಾನೇಜರಾಗಿಯೇ ಉಳಿದರು. ನಾನು ಆ ಆಫೀಸು ಬಿಡುವವರೆಗೆ, ಎರಡು ವರ್ಷ, ಚೀಟಿಯಲ್ಲಿ ಬರೆದು ಕೆಲಸ ಹೇಳಿದರೇ ಹೊರತು ನನ್ನ ಜೊತೆ ಬಾಯಿಬಿಟ್ಟು ಮಾತಾಡಲಿಲ್ಲ.

1958ರ ಬೇಸಿಗೆಯಲ್ಲಿ ದಾದರ್ ಸ್ಟೇಷನ್ನಿನ ಹೊರಗೆ ಅವಳ ಅಂಗಡಿ ಕಂಡಿತು, ಸ್ವಂತದ್ದು. ಚೆಂಬೂರಿನಲ್ಲಿ ಆಗಷ್ಟೇ ಮನೆ ಮಾಡಿದ್ದೆ. ಹೆಂಡತಿ ಆಪೂಸು ತರಲು ಹೇಳಿದ್ದಳು. ಒಂದು ಡಜನ್ ಕೇಳಿದೆ.

ಅವಳು ನನ್ನನ್ನು ಗುರುತಿಸಿದಳು. ಕೈಯಲ್ಲಿದ್ದ ಹಣ್ಣನ್ನು ರಾಶಿಗೆ ವಾಪಸಿಟ್ಟಳು.

“ಕಡೀಕ ಖರೇನ ಹೇಳಿದ್ನಲ್ಲ ರಾಚಕ್ಕ,” ಎಂದೆ.

“ಸೇಠ್ ಕೇಳಿದಾಗ ಹೇಳಿದಿ,” ಎಂದಳು. “ನಾ ಕೇಳಿದಾಗ ಹೇಳ್ಲಿಲ್ಲ. ನಡಿ, ಗಿರಾಕಿ ನಿಂತಾರ.”

ನನ್ನ ಹಿಂದಿದ್ದ ಪಾರ್ಸಿ ಹೆಂಗಸು ಮುಂದೆ ಬಂದಳು. ರಾಚವ್ವ ಅವಳಿಗಾಗಿ ಒಂದೊಂದೇ ಹಣ್ಣಿನ ತೊಟ್ಟಿನ ಬಳಿ ಹೆಬ್ಬೆರಳು ಊರುತ್ತ ಆರಿಸತೊಡಗಿದಳು. ನಾನು ಬರಿಗೈಯಲ್ಲಿ ಲೋಕಲ್ ಹತ್ತಿದೆ.