ನಮ್ಮೂರಿನ ಕ್ಯಾಪ್ಟನ್

ಗಫೂರ್ ಒಂದು ಕಡೆ ಕೂತವನಲ್ಲ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಹುಟ್ಟಿ, ರಿಯಾದಿನಲ್ಲಿ ಆರು ವರ್ಷ ದುಡಿದು, ಈಗ ಆಕ್ಲೆಂಡಿನ ಪಾಪಟೋಟೊಯಿಯಲ್ಲಿ ಗುದ್ದಿಸಿಕೊಂಡ ಕಾರುಗಳ ಡೆಂಟ್ ತೆಗೆಯುತ್ತಾನೆ. ಚಹಾ ಕುಡಿಯುವುದೂ ನಿಂತುಕೊಂಡೇ. ಅಂಥವನು ಬೇರು ಬಿಟ್ಟಂತೆ ನಿಲ್ಲುವ ಜಾಗ ಒಂದೇ, ಕ್ರೀಸು. ಚೆಂಡು ಬ್ಯಾಟಿಗೆ ತಾಗಿದ್ದು ಊರಿಗೆಲ್ಲ ಕೇಳಿಸಿದರೂ ಅಂಪೈರ್ ಬೆರಳೆತ್ತುವ ತನಕ ಹಂದಾಡುವುದಿಲ್ಲ. ಆ ಅಂಪೈರ್ ನಾನೇ. ಹದಿನಾಲ್ಕು ವರ್ಷಗಳಿಂದ ಅವನು ನನ್ನ ತಲೆ ತಿನ್ನುತ್ತಿದ್ದಾನೆ.

ಈ ಬೇಸಿಗೆಯಲ್ಲಿ ನಮ್ಮ ಕ್ಲಬ್ಬಿನವರಿಗೆ ಹಳೇ ಕಾಲದ ವೇಷ ತೊಟ್ಟು ಒಂದು ಪಂದ್ಯ ಆಡುವ ಉಮೇದು ಹತ್ತಿತು. 1862ರಲ್ಲಿ ಈ ಕಡೆಯ ಬ್ರಿಟಿಷ್ ಶಿಬಿರವೊಂದರಲ್ಲಿ ಸೈನಿಕರು ಆಡಿದ್ದ ಪಂದ್ಯವದು. ಅವರ ನಾಯಕ ಕ್ಯಾಪ್ಟನ್ ಎಡ್ಗರ್ ಥಾರ್ನ್‌ಬಿ. ಗಿರಿಜಾ ಮೀಸೆ ಇದ್ದವನು ಗಫೂರ್ ಒಬ್ಬನೇ ಆದ್ದರಿಂದ ಕ್ಯಾಪ್ಟನ್ನನ ಕೆಂಪು ಕೋಟು ಅವನ ಪಾಲಿಗೆ ಬಂತು. ಜೊತೆಗೆ ಕ್ಯಾಪ್ಟನ್ನನ ಜೀವನ ಬರೆದಿದ್ದ ನಾಲ್ಕು ಹಾಳೆ.

ಮೊದಲ ಹಾಳೆಗೇ ಗಫೂರ್ ಕುಣಿದಾಡಿಬಿಟ್ಟ. ಪಾದ್ರಿಯ ಮಗನಾದ ಥಾರ್ನ್‌ಬಿ ಇಪ್ಪತ್ತಕ್ಕೇ ಸೈನ್ಯ ಸೇರಿ ಐದು ವರ್ಷ ಬಳ್ಳಾರಿಯಲ್ಲಿದ್ದನಂತೆ.

"ವಿಜಯಕ್ಕಾರ, ಇಂವ ನಮ್ಮೂರಾಂವ ರೀ! ನಮ್ಮ ಕಂಟೋನ್ಮೆಂಟಿನಾಗ ಕ್ರಿಕೆಟ್ ಆಡ್ಯಾನ!" ಎಂದು ನನಗೆ ಫೋನ್ ಮಾಡಿ ಕಿರುಚಿದ.

ಮುಂದಿನ ಹಾಳೆ ತಿರುಗಿಸಲೂ ಇಲ್ಲ. ಹೆಂಡತಿ ಫಹಮಿದಾಗೆ ಹೇಳಿದ, ಗೆಳೆಯ ಹೊಹೆಪಾನಿಗೂ ಹೇಳಿ ಹಾಳೆಗಳನ್ನು ಕೈಗಿಟ್ಟ. ಹೊಹೆಪಾ ಮಾವೋರಿ, ಅಂದರೆ ಈ ನೆಲದ ಮೂಲನಿವಾಸಿ, ನಮ್ಮ ಕ್ಲಬ್ಬಿನ ವಿಕೆಟ್ ಕೀಪರ್. ಭಾನುವಾರ ಫಹಮಿದಾಳ ಬಿರಿಯಾನಿ ತಿನ್ನದೆ ಅವನ ವಾರ ಮುಗಿಯುತ್ತಿರಲಿಲ್ಲ. ಅವನು ನಾಲ್ಕೂ ಹಾಳೆ ಓದಿ, ಮೇಜಿನ ಮೇಲಿಟ್ಟು, ಊಟ ಅರ್ಧಕ್ಕೇ ಬಿಟ್ಟು ಎದ್ದುಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಆಗ ಗಫೂರ್ ಉಳಿದದ್ದನ್ನು ಓದಿದ. ಕ್ಯಾಪ್ಟನ್ನನೂ ನಿಂತಲ್ಲಿ ನಿಲ್ಲದ ಆಸಾಮಿಯೇ. ಬಳ್ಳಾರಿಯ ಬಿಸಿಲು ಸಾಕೆಂದು ವರ್ಗ ಕೇಳಿದ, ಆಕ್ಲೆಂಡಿನ ಮಳೆ ಸಾಕೆಂದು ರಜೆ ಕೇಳಿದ. ಆ ಪಂದ್ಯದಲ್ಲಿ ಚೆಂಡು ಬ್ಯಾಟಿಗೆ ತಾಗಿ ಕೀಪರನ ಕೈ ಸೇರಿದರೂ, ತಾಗಿಲ್ಲವೆಂದು ನಿಂತೇಬಿಟ್ಟ. ಅಂಪೈರ್ ಅವನ ಕೈಕೆಳಗಿನ ಸಾರ್ಜೆಂಟ್, ಬೆರಳೆತ್ತಲಿಲ್ಲ. ಮರುವರ್ಷ ಕ್ಯಾಪ್ಟನ್ ಸೈನ್ಯದೊಂದಿಗೆ ವೈಕಾಟೊ ನದಿಯತ್ತ ದಂಡೆತ್ತಿ ಹೋದ. ಯುದ್ಧ ಮುಗಿದ ಮೇಲೆ, ಮಾವೋರಿಗಳಿಂದ ಕಿತ್ತುಕೊಂಡ ನೆಲದಲ್ಲಿ ಅವನಿಗೂ ನದಿ ದಂಡೆಯ ಒಂದು ಪೀಚ್ ತೋಟ ಸಿಕ್ಕಿತು. ಎರಡು ವರ್ಷಕ್ಕೆ ಅದೂ ಬೇಜಾರಾಗಿ ಮಾರಿ ಹಡಗು ಹತ್ತಿದ. ಸತ್ತದ್ದು ಇಂಗ್ಲೆಂಡಿನ ಯಾವುದೋ ಬಾಡಿಗೆ ಕೋಣೆಯಲ್ಲಿ.

ಆ ದಂಡೆಯಲ್ಲಿ ತನ್ನ ಅಜ್ಜಿಯ ಅಜ್ಜಿಯ ತೋಟವಿತ್ತೆಂದು ಹೊಹೆಪಾ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದ. ಗಫೂರ್ ಹೂಂಗುಟ್ಟುತ್ತ ಇನ್ನೊಂದು ತುಂಡು ಬಡಿಸಿದ್ದ, ಅಷ್ಟೇ.

ಈಗ ಅವನಿಗೆ ನಿಂತರೆ ನಿಲ್ಲಲಾಗದು, ಕೂತರೆ ಕೂರಲಾಗದು. ಬಿಳಿ ಕಾರಿನ ಬಾಗಿಲಿಗೆ ಬೂದು ಬಣ್ಣ ಬಳಿದಿಟ್ಟ. ಹೊಹೆಪಾನ ಮನೆಗೆ ಹೋದರೆ ಅವನು "ಶನಿವಾರ ಮೈದಾನದಲ್ಲಿ ಸಿಗೋಣ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ. ನನಗೆ ದಿನಕ್ಕೆ ನಾಲ್ಕು ಸಲ ಫೋನು.

"ಕೋಟು ವಾಪಸ್ ಕೊಡ್ಲೇನ್ರೀ ಅಕ್ಕಾರ?"

"ಕೊಟ್ರೆ ಇನ್ಯಾರೋ ಹಾಕ್ಕೋತಾರೆ, ಆ ಹಾಳೆ ಓದ್ದೇ ಇರೋರು," ಎಂದೆ. ನಾನು ಮೈಸೂರಿನವಳಾದರೂ ಸಮಾಧಾನದ ಮಾತು ನನಗೆ ಬರುವುದಿಲ್ಲ.

"ಅಂವ ಇನ್ನ ನಮ್ಮ ಮನೀಗೆ ಬರ್ಲೇ ಇಲ್ಲಂದ್ರ?"

"ಶನಿವಾರ ಬಾ," ಎಂದು ಫೋನಿಟ್ಟೆ.

ಶನಿವಾರ ಆ ಉಣ್ಣೆಯ ಕೋಟಿನಲ್ಲಿ ಬೆವರುತ್ತ ಗಫೂರ್ ಕ್ರೀಸಿಗೆ ಬಂದ. ಕ್ಲಬ್ಬಿನವರನ್ನೇ ಎರಡು ತಂಡ ಮಾಡಿದ್ದರಿಂದ ಎದುರು ತಂಡದ ಕೀಪರ್ ಹೊಹೆಪಾ. ಮೂರನೇ ಓವರಿನಲ್ಲಿ ಚೆಂಡು ಬ್ಯಾಟಿನ ಪಕ್ಕದಲ್ಲೇ ಹಾದು ಅವನ ಕೈ ಸೇರಿತು. ಟಕ್ಕೆಂದು ಸದ್ದು. ಹೊಹೆಪಾ ಮೂರು ವಾರದ ಸಿಟ್ಟನ್ನೆಲ್ಲ ಸೇರಿಸಿ ಔಟೆಂದು ಕೂಗಿದ. ಆದರೆ ಬ್ಯಾಟು ತಾಗಿದ್ದು ಕೋಟಿನ ಹಿತ್ತಾಳೆ ಗುಂಡಿಗೆ, ನಾನು ಕಣ್ಣಾರೆ ಕಂಡಿದ್ದೆ. ನಾಟ್ ಔಟ್ ಎಂದೆ.

ಗಫೂರ್ ತಿರುಗಿ ಹೊಹೆಪಾನ ಮುಖ ನೋಡಿದ. ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ.

"ಏ ಗಫೂರ್, ನಾನು ಔಟ್ ಕೊಟ್ಟಿಲ್ಲ ಕಣೋ!"

"ನನಗ ಕೊಟ್ಟಿಲ್ರೀ ಅಕ್ಕಾರ," ಎಂದ ನಿಲ್ಲದೆ. "ಈ ಕೋಟಿನ ಕ್ಯಾಪ್ಟನ್ ಅವತ್ತ ಔಟಾಗಿ ಹೋಗಬೇಕಿತ್ತು."

ಹೊಹೆಪಾ ಅವನ ಹಿಂದೆ ಓಡಿದ. "ಬ್ಯಾಟಿಗೆ ತಾಗಿತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಗಫೂರ್ ಇಲ್ಲವೆಂದು ತಲೆಯಾಡಿಸಿ ಕೋಟು ಬಿಚ್ಚಲು ಹೋದರೆ ಬೆವರಿದ ಬೆರಳಿಗೆ ಗುಂಡಿ ಬರಲೊಲ್ಲದು. ಹೊಹೆಪಾ ಗ್ಲೌಸನ್ನು ಹಲ್ಲಿನಿಂದ ಎಳೆದು ಕಳಚಿ, ಒಂದೊಂದೇ ಗುಂಡಿಯನ್ನು ತಾನೇ ಬಿಚ್ಚಿದ. ನನ್ನ ಕಣ್ಣು ತುಂಬಿ ಬಂತು, ಮುಚ್ಚಿಡುವುದೇಕೆ.

ಮೈದಾನದ ಅಂಚಿನಿಂದ ಸ್ಕೋರರ್ ಅಪೇಕ್ಷಾ ಏನು ಬರೆಯಲೆಂದು ಕೈಸನ್ನೆ ಮಾಡಿ ಕೇಳಿದಳು. ನಿಯಮದ ಪ್ರಕಾರ ನಾನು ಗಫೂರನನ್ನು ವಾಪಸ್ ಕರೆಯಬೇಕಿತ್ತು. ಬೆರಳೆತ್ತಿದೆ.